ಮೂರನೇ ನಂಬರಿನ ಸಾಕ್ಸು

ಕೆಳ ಡಿವಿಷನ್ನಿನ ಆ ಫುಟ್‌ಬಾಲ್ ಕ್ಲಬ್ಬಿನಲ್ಲಿ ಬಟ್ಟೆ ಒಗೆಯುವವಳನ್ನು ಎಲ್ಲರೂ ಸೋಪಕ್ಕ ಅಂತಲೇ ಕರೆಯುತ್ತಿದ್ದರು. ಪ್ರತಿ ಪಂದ್ಯದ ಮರುದಿನ ಎರಡು ಮೂಟೆ ಜೆರ್ಸಿ, ಸಾಕ್ಸು ಅವಳ ಮನೆಯ ಬಚ್ಚಲಿಗೇ ಬರುತ್ತಿದ್ದವು. ಕ್ಲಬ್ಬಿನ ಬಸ್ಸು ಓಡಿಸುವ ಗಂಡ ಮೂಟೆ ಇಳಿಸಿ, ಸುಸ್ತಾಯಿತೆಂದು ಮಲಗುತ್ತಿದ್ದ. ಹನ್ನೊಂದು ವರ್ಷ ಉಜ್ಜಿ ಉಜ್ಜಿ ಬಲಗೈ ಸೋತು, ಬಾಗಿಲ ಚಿಲಕ ತೆಗೆಯುವುದಕ್ಕೂ ಅವಳಿಗೆ ಎಡಗೈಯ ಸಹಾಯ ಬೇಕಾಗುತ್ತಿತ್ತು.

ಆ ವರ್ಷ ಕ್ಲಬ್ಬಿನವರು ಮೇಲಿನ ಡಿವಿಷನ್ನಿನಿಂದ ಹೆಸರುವಾಸಿ ಆಟಗಾರನೊಬ್ಬನನ್ನು ಕರೆತಂದು ಹತ್ತನೇ ನಂಬರು ಕೊಟ್ಟರು.

"ಇವನೊಬ್ಬ ಸಾಕು ಕಣೇ, ನಮ್ಮನ್ನ ಮೇಲಕ್ಕೆ ಎತ್ತಿಬಿಡ್ತಾನೆ," ಎಂದ ಗಂಡ.

"ಎತ್ತೋನ ಅಂಗಿ ಇಷ್ಟು ಬೆಳ್ಳಗೆ ವಾಪಸ್ ಬರುತ್ತಾ?"

"ಒಗೆಯೋದು ಒಗಿ. ಆಟ ನಂಗೆ ಹೇಳ್ಕೊಡ್ಬೇಡ."

ಅವಳೇನೂ ತಮಾಷೆ ಮಾಡಿರಲಿಲ್ಲ. ಹತ್ತರ ಅಂಗಿಗೆ ಬರೀ ಸೆಂಟಿನ ವಾಸನೆ. ಮೂರನೇ ನಂಬರಿನ ಅಂಗಿಯನ್ನು ಮಾತ್ರ ನಾಲ್ಕು ನೀರಿನಲ್ಲಿ ಜಾಲಿಸಿದರೂ ಮಣ್ಣು ಬಿಡುತ್ತಿತ್ತು. ಮೂರು ಎಂದರೆ ಎಡಬದಿ ಕಾಯುವವನು, ವಾರವಿಡೀ ಬ್ರೆಡ್ ಬೇಕರಿಯ ಒಲೆಯ ಮುಂದೆ ನಿಂತು ದುಡಿಯುವವನು. ಅವನು ಬಿದ್ದು ಎದ್ದು ಚೆಂಡು ಕಿತ್ತು ಕೊಟ್ಟರೆ ಹತ್ತನೇ ನಂಬರಿನವನು ಗೋಲು ಹೊಡೆಯುತ್ತಿದ್ದ. ಪೇಪರಿನಲ್ಲಿ ಫೋಟೋ ಮಾತ್ರ ಹತ್ತರದು.

ಮೇಲಿನ ಡಿವಿಷನ್ನಿಗೆ ಹೋದರೆ ಕ್ಲಬ್ಬಿಗೆ ದೊಡ್ಡ ವಾಷಿಂಗ್ ಮೆಷೀನು ತರಿಸುತ್ತೇವೆ ಎಂದು ಅಧ್ಯಕ್ಷರು ಮಾತು ಕೊಟ್ಟಿದ್ದರು.

ಇನ್ನು ಆರು ಪಂದ್ಯ ಉಳಿದಿದ್ದಾಗ ಮೂರರ ಸಾಕ್ಸಿನ ಹಿಮ್ಮಡಿಯಲ್ಲಿ ರಕ್ತ ಕಂಡಿತು. ಉಪ್ಪು ಹಾಕಿದ ತಣ್ಣೀರಲ್ಲಿ ನೆನೆಸಿ ತೆಗೆದಳು. ಮುಂದಿನ ವಾರ ರಕ್ತದ ಜೊತೆ ಕೀವು. ಅವನನ್ನೇ ಕೇಳಿದಳು.

"ಹೊಸ ಬೂಟು ಕಚ್ಚುತ್ತೆ ಅಷ್ಟೇ. ಕೋಚ್‌ಗೆ ಹೇಳ್ಬೇಡಿ ಸೋಪಕ್ಕ, ಹೊರಗೆ ಕೂರಿಸಿಬಿಡ್ತಾರೆ."

"ಹೇಳಲ್ಲ, ಬಿಡು."

ಅವನ ಮೇಲಿನ ಕರುಣೆಯಿಂದ ಸುಮ್ಮನಿದ್ದೇನೆ ಎಂದು ಕೆಲವು ದಿನ ತನಗೆ ತಾನೇ ಹೇಳಿಕೊಂಡಳು. ಆದರೆ ಇವನು ಹೊರಗೆ ಕೂತರೆ ಹತ್ತರ ಕಾಲಿಗೆ ಚೆಂಡು ಬರುವುದಿಲ್ಲ, ತಂಡ ಮೇಲೆ ಹೋಗುವುದಿಲ್ಲ ಎಂಬುದು, ಬಟ್ಟೆ ಹಿಂಡುವ ಆ ಕೈಗಳಿಗೆ ಕೋಚ್‌ಗಿಂತ ಚೆನ್ನಾಗಿ ಗೊತ್ತಿತ್ತು. ವಾರವಾರವೂ ಉಪ್ಪು ಹೆಚ್ಚಿಸಿದಳು. ಸಾಕ್ಸು ಹೊಸದರಂತೆ ಹೊಳೆಯುತ್ತಿತ್ತು.

ತಂಡ ಗೆದ್ದು ಮೇಲೆ ಹೋಯಿತು. ಹತ್ತನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅದೇ ವಾರ ಮೂರನೇ ನಂಬರಿನವನು ಆಸ್ಪತ್ರೆ ಸೇರಿದ. ನಂಜು ಮೂಳೆಗಿಳಿದಿತ್ತು. ಹಿಮ್ಮಡಿಯ ಒಂದು ಭಾಗ ಕತ್ತರಿಸಿದರು. ಇನ್ನು ಓಡುವುದಿರಲಿ, ಒಲೆಯ ಮುಂದೆ ನಿಲ್ಲುವುದಕ್ಕೂ ಆಗುವುದಿಲ್ಲ ಎಂದರು.

ಸೋಪಕ್ಕ ಹಣ್ಣು ಹಿಡಿದು ಅವನ ಮನೆಗೆ ಹೋದಾಗ ಅವನು ಒಳಗೆ ನಿದ್ದೆಯಲ್ಲಿದ್ದ. ಹೆಂಡತಿ ಬಚ್ಚಲಲ್ಲಿ ಕೂತು ಅವನ ಗಾಯಕ್ಕೆ ಕಟ್ಟಿದ ಬಟ್ಟೆ ಉಜ್ಜುತ್ತಿದ್ದಳು.

"ಆರು ವಾರ ನಂಗೆ ಗೊತ್ತೇ ಆಗ್ಲಿಲ್ಲ ಅಕ್ಕಾ. ಮನೇಲೂ ಸಾಕ್ಸ್ ಬಿಚ್ಚುತ್ತಿರಲಿಲ್ಲ, ಚಳಿ ಅಂತಿದ್ರು. ಆಟದ ಬಟ್ಟೆ ನಾನೇ ಒಗೆದಿದ್ರೆ ಮೊದಲ್ನೇ ದಿನವೇ ಹಿಡೀತಿದ್ದೆ."

ಸೋಪಕ್ಕ ಹಣ್ಣಿನ ಚೀಲ ಕೆಳಗಿಟ್ಟಳು.

"ನಾನು ಹಿಡಿದಿದ್ದೆ."

ಉಜ್ಜುವ ಕೈ ನಿಂತಿತು. "ಯಾವಾಗ?"

"ಮೊದಲ್ನೇ ದಿನವೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವನೇ ಬೇಡವೆಂದ ಎನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಸೋಪಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಳಿತು, ಅಧ್ಯಕ್ಷರು ಮಾತು ಕೊಟ್ಟಿದ್ದ ವಾಷಿಂಗ್ ಮೆಷೀನಿನ ವಿಷಯ ಹೇಳತೊಡಗಿದಳು.