ನೆಲ ಮುಟ್ಟದ ಎಣ್ಣೆ

ನನ್ನ ತಮ್ಮನನ್ನು ಬಂದರಿನಲ್ಲಿ ಎಲ್ಲರೂ ಬಾಟ್ಲಿ ಮಾವ ಅಂತಲೇ ಕರೆಯುತ್ತಿದ್ದರು. ಹೊರದೇಶದಿಂದ ಡೀಸೆಲ್ ಹಡಗು ಬಂದಾಗಲೆಲ್ಲ ಅವನು ಮೇಲೆ ಹತ್ತಿ, ಹಗ್ಗಕ್ಕೆ ಕಟ್ಟಿದ ಬಾಟ್ಲಿಯನ್ನು ಟ್ಯಾಂಕಿಗೆ ಇಳಿಬಿಟ್ಟು ಸ್ಯಾಂಪಲ್ ತೆಗೆಯಬೇಕು, ಅರಗಿನ ಮುದ್ರೆ ಒತ್ತಿ ಊರೊಳಗಿನ ಲ್ಯಾಬಿಗೆ ಒಯ್ಯಬೇಕು. ಲ್ಯಾಬಿನವರು ಸರಿ ಅಂದ ಮೇಲೇ ಹಡಗು ಖಾಲಿಯಾಗುವುದು. ಮುದ್ರೆ ಬಿದ್ದ ಬಾಟ್ಲಿ ದಾರಿಯಲ್ಲಿ ಇನ್ನೊಬ್ಬರ ಕೈಗೆ ಹೋದರೆ ಸ್ಯಾಂಪಲ್ ರದ್ದು. ಆಕಳಿಸುವಾಗಲೂ ಅವನು ಅದನ್ನು ಬಿಟ್ಟವನಲ್ಲ.

ಅವನ ಮಗಳು ಹೆತ್ತ ದಿನವೇ ಸುಂಕದ ಕಚೇರಿಗೆ ಹೊಸ ಸಾಹೇಬರು ಬಂದಿದ್ದರು. ಹಡಗಿನ ಏಣಿ ಇಳಿಯುತ್ತಿದ್ದವನನ್ನು ತಡೆದರು. ಪರೀಕ್ಷೆಯಾಗದ ಎಣ್ಣೆ ದೇಶದ ನೆಲ ಮುಟ್ಟುವಂತಿಲ್ಲ ಎಂದು ನಿಯಮವಂತೆ. ಬಾಟ್ಲಿಯಲ್ಲಿರುವುದೂ ಎಣ್ಣೆಯೇ, ಹಿಡಿದವನು ಕಾಲಿಟ್ಟರೆ ಎಣ್ಣೆಯೇ ಕಾಲಿಟ್ಟಂತೆ. ಪರೀಕ್ಷೆಗೇ ಒಯ್ಯುತ್ತಿದ್ದೇನೆ ಅಂದನಂತೆ ಇವನು.

"ಮೊದಲು ಪರೀಕ್ಷೆ ಮಾಡಿಸ್ಕೊಂಡು ಬಾ, ಆಮೇಲೆ ಒಯ್ಯುವಿಯಂತೆ."

ಇವನು ಕೊನೆಯ ಮೆಟ್ಟಿಲಲ್ಲೇ ಕೂತ. ಇತ್ತ ಆಸ್ಪತ್ರೆಯಲ್ಲಿ ಮಗಳದು ಒಂದೇ ಹಟ. ತಾಯಿಯಿಲ್ಲದ ಹುಡುಗಿ, ಕೂಸನ್ನು ಮೊದಲು ತನ್ನ ಅಪ್ಪನೇ ಎತ್ತಿಕೊಳ್ಳಬೇಕು, ಅಲ್ಲಿಯ ತನಕ ಸೋದರತ್ತೆಯಾದ ನನ್ನ ಕೈಗೂ ಕೊಡಳು. ನಾನು ಬಂದರಿಗೆ ಫೋನ್ ಮಾಡಿಸಿದೆ.

ಸುದ್ದಿ ಕೇಳಿದ ಹಮಾಲಿಯೊಬ್ಬ ಕುಚೋದ್ಯಕ್ಕೆ, "ಕಾಲು ತಾನೇ ಸಾರ್ ನೆಲಕ್ಕೆ ತಾಗಬಾರದು? ಮಾವನ್ನ ನಾವೇ ಹೊತ್ಕೊಂಡು ಹೋಗ್ತೀವಿ ಬಿಡಿ," ಅಂದನಂತೆ. ಸಾಹೇಬರು ನಗಲಿಲ್ಲ. ನಿಯಮವನ್ನು ಇನ್ನೊಮ್ಮೆ ಓದಿ, ಆಗಬಹುದು ಅಂದರು.

ಹಾಗೆ ನನ್ನ ತಮ್ಮ ಕಚೇರಿಯ ಕುರ್ಚಿಯಲ್ಲಿ ಕೂತು, ನಾಲ್ವರ ಹೆಗಲ ಮೇಲೆ, ಜೀವಸಹಿತ ಬೀದಿಯಲ್ಲಿ ಬಂದ. ಯಾರೋ ದೊಡ್ಡವರೆಂದು ಜನ ಕೈಮುಗಿದರಂತೆ. ಸಾಹೇಬರು ಕಾವಲಿಗೆ ಹಿಂದೆಯೇ. ಲ್ಯಾಬಿನ ದಾರಿಯಲ್ಲೇ ಆಸ್ಪತ್ರೆ. ವಾರ್ಡಿನಲ್ಲಿ ಕುರ್ಚಿ ಇಳಿಸಬಹುದು, ಕಾಲು ಇಳಿಸಕೂಡದು ಎಂದು ತೀರ್ಮಾನವಾಯಿತು.

ಮಗಳು ಕೂಸನ್ನು ಚಾಚಿದಳು. ಅಂಗೈಯಗಲದ ಕೂಸಾದರೂ ಒಂದು ಕೈಯಲ್ಲಿ ಹಿಡಿಯುವಂಥದ್ದಲ್ಲ. ಇವನು ಬಾಟ್ಲಿ ನೋಡಿದ, ಕೂಸನ್ನು ನೋಡಿದ.

"ಹಿಡ್ಕೊಳ್ಳಿ ಸಾರ್."

ಬಾಟ್ಲಿಯನ್ನು ಸಾಹೇಬರ ಕೈಗಿಟ್ಟು, ಕೂಸನ್ನೆತ್ತಿಕೊಂಡು, ನೆಲಕ್ಕೆ ಕಾಲೂರಿ ಕಿಟಕಿಯ ಬೆಳಕಿಗೆ ಹೋದ. ಸ್ಯಾಂಪಲ್ ರದ್ದಾಯಿತಲ್ಲೋ ಅಂದೆ. ನಾಳೆ ಇನ್ನೊಂದು ತೆಗೆದರಾಯ್ತಕ್ಕ ಅಂದ, ತಿರುಗಿಯೂ ನೋಡದೆ.

ರದ್ದಾದರೂ ಅದು ಪರೀಕ್ಷೆಯಾಗದ ಎಣ್ಣೆಯೇ. ಸಾಹೇಬರು ಕೈಯಲ್ಲಿದ್ದ ಬಾಟ್ಲಿ ನೋಡಿದರು, ಆಮೇಲೆ ಬೂಟುಗಳನ್ನು. ಬೂಟುಗಳು ನೆಲದ ಮೇಲೇ ಇದ್ದವು. ಸರಕ್ಕನೆ ಖಾಲಿ ಕುರ್ಚಿಗೆ ಹತ್ತಿ, ಕಾಲು ಮಡಚಿ ಕೂತರು.

"ಎತ್ರಪ್ಪಾ," ಅಂದರು, ಬಲು ಮೆಲ್ಲಗೆ.