ಮೊಣಗಂಟು ಮಾತ್ರ

ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಗುಂಡಿ ಹುಡುಕುತ್ತಿದ್ದಾಗ ಕೈಗೆ ಸಿಕ್ಕಿದ್ದು ಒಂದು ಕ್ರೇಪ್ ಬ್ಯಾಂಡೇಜ್. ಅಚ್ಚುಕಟ್ಟಾಗಿ ಸುತ್ತಿಟ್ಟದ್ದು. ಎಳೆದರೆ ಈಗ ಹಿಗ್ಗುವುದಿಲ್ಲ. ಸಿಕ್ಕಿಸುವ ಎರಡು ಪುಟ್ಟ ಕ್ಲಿಪ್ಪುಗಳಿಗೆ ತುಕ್ಕು ಹಿಡಿದಿದೆ. ಮೂಗಿಗೆ ಹಿಡಿದೆ. ತೊಳೆದ ಸೋಪಿನ ವಾಸನೆಯೂ ಉಳಿದಿಲ್ಲ... ನೆನಪಾದದ್ದು ನಮ್ಮ ಬಂಟ್ವಾಳದ ಮಕ್ಕಳ ಡಾಕ್ಟರು.

ಅವರ ಬಗ್ಗೆ ನನಗೆ ಗೌರವ ಇರಲಿಲ್ಲ. ತೀರಿಹೋದವರ ಕುರಿತು ಹೀಗೆ ಬರೆಯಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಆದರೂ ಬರೆಯುತ್ತೇನೆ. ತೊಂಬತ್ತರ ದಶಕದಲ್ಲಿ ಪೇಟೆಯ ತಾಯಂದಿರೆಲ್ಲ ಅವರನ್ನು ದೇವರೆನ್ನುತ್ತಿದ್ದರು. ಜ್ವರಕ್ಕೆ ಗುಲಾಬಿ ಸಿರಪ್, ಕೆಮ್ಮಿಗೆ ಹಳದಿ ಸಿರಪ್, ಅಳುವ ಮಗುವಿಗೆ ಒಂದು ಪೆಪ್ಪರ್‌ಮಿಂಟ್. ಅಲ್ಲಿಗೆ ಅವರ ಮೆಡಿಸಿನ್ ಮುಗಿಯುತ್ತಿತ್ತು. ಕಾಲಿಗೆ ವರ್ಷವಿಡೀ ಬಿಳಿ ಕ್ಯಾನ್ವಾಸ್ ಶೂ. ಆ ಶೂ ಒಂದು ದಿನವಾದರೂ ಆಟದ ಮೈದಾನ ಕಂಡದ್ದಿಲ್ಲ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ನಮ್ಮಲ್ಲಿ ಪಿ.ಟಿ. ಟೀಚರ್ ಇಲ್ಲದ ಕಾರಣ ಆಟೋಟಕ್ಕೆ ಹುಡುಗಿಯರನ್ನು ಬೆಳ್ತಂಗಡಿಗೂ ಮೂಡುಬಿದಿರೆಗೂ ಕರೆದುಕೊಂಡು ಹೋಗುತ್ತಿದ್ದವಳು ನಾನೇ. ಉಳುಕಿದ ಕಾಲು, ಊದಿದ ಕೈಯವರನ್ನು ಅವರ ಕ್ಲಿನಿಕ್ಕಿಗೆ ಒಯ್ದರೆ ಮುಟ್ಟಿಯೂ ನೋಡುತ್ತಿರಲಿಲ್ಲ.

"ಆಟ ಬಿಡ್ಲಿಕ್ಕೆ ಹೇಳಿ ಟೀಚರ್. ಹೆಣ್ಣುಮಕ್ಕಳಿಗೆ ಎಂತಕ್ಕೆ ಈ ಹಾರಾಟ? ಇವರಿಗೇನು ಒಲಿಂಪಿಕ್ಸಿಗೆ ಹೋಗ್ಲಿಕ್ಕುಂಟಾ?"

ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ 'ರೆಸ್ಟ್' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಅಷ್ಟೇ ಟ್ರೀಟ್‌ಮೆಂಟ್.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು... ಒಂದು ಭಾನುವಾರ ಮೂಡುಬಿದಿರೆಯ ಹಾಲ್ ಒಂದರಲ್ಲಿ ನಮ್ಮ ಕಡೆಯ ಮಕ್ಕಳ ಡಾಕ್ಟರುಗಳಿಗೆಲ್ಲ ಒಂದು ಟ್ರೇನಿಂಗ್ ಇಟ್ಟರು. ಆಡುವ ಮಕ್ಕಳ ಪೆಟ್ಟು, ಗಾಯಗಳನ್ನು ಹೇಗೆ ನೋಡಬೇಕು ಎಂಬುದಕ್ಕೆ. ಉತ್ತರ ಭಾರತದಿಂದ ಒಬ್ಬರು ದೊಡ್ಡ ಎಕ್ಸ್‌ಪರ್ಟ್ ಬರುವವರಿದ್ದರು. ಏರ್ಪಾಡೆಲ್ಲ ನಮ್ಮ ಡಾಕ್ಟರದ್ದು. ತೋರಿಸಲು ಒಂದು ಮಗು ಬೇಕಿತ್ತು, ಮಗುವಿನ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಒಬ್ಬರು ಬೇಕಿತ್ತು.

"ನಿಮ್ಮಲ್ಲಿ ಕಾಲುನೋವಿನವರು ಯಾರಾದ್ರೂ ಇರ್ತಾರಲ್ಲ ಟೀಚರ್, ಒಬ್ಬಳನ್ನು ಹಿಡ್ಕೊಂಡು ಬನ್ನಿ," ಎಂದರು, ಬಾಳೆಗೊನೆ ತರಲು ಹೇಳಿದ ಹಾಗೆ.

ನಾನು ಕರೆದುಕೊಂಡು ಹೋದದ್ದು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳನ್ನು. ಮೆಲ್ಕಾರಿನ ಬ್ಯಾರಿ ಮನೆಯವಳು, ತಂದೆ ದುಬೈಯಲ್ಲಿ. ದಪ್ಪ ಮೈಕಟ್ಟು, ನಾಚಿಕೆಯ ಸ್ವಭಾವ, ಆದರೆ ಗುಂಡೆಸೆತದಲ್ಲಿ ತಾಲೂಕಿಗೆ ಫಸ್ಟ್. ಜಿಲ್ಲಾ ಮಟ್ಟದ ಆಟಕ್ಕೆ ಎರಡು ತಿಂಗಳಿತ್ತು. ಕೆಲವು ದಿನಗಳಿಂದ ಕುಂಟುತ್ತಿದ್ದಳು. ದೊಡ್ಡ ಡಾಕ್ಟರು ನೋಡಿದರೆ ಗುಣವಾಗುತ್ತದೆ ಎಂದು ಅವಳ ತಾಯಿಯನ್ನು ಒಪ್ಪಿಸಿದವಳೂ ನಾನೇ.

ಬೆಳಿಗ್ಗೆಯೆಲ್ಲ ಸ್ಲೈಡುಗಳು. ಬಂದ ಡಾಕ್ಟರುಗಳಲ್ಲಿ ಅರ್ಧ ಮಂದಿ ತಮಗೆ ಕೊಟ್ಟ ಬ್ಯಾಗಿನೊಳಗೆ ಏನುಂಟೆಂದು ನೋಡುವುದರಲ್ಲಿದ್ದರು. ಉಳಿದವರ ಗಮನ ಬಿರಿಯಾನಿಯ ವಾಸನೆಯ ಕಡೆಗೆ. ಊಟಕ್ಕೆ ಸ್ವಲ್ಪ ಮುಂಚೆ ಹುಡುಗಿಯನ್ನು ಮೇಜಿನ ಮೇಲೆ ಕೂರಿಸಿದರು. ನೋವು ಎಲ್ಲಿ ಎಂದು ಎಕ್ಸ್‌ಪರ್ಟ್ ವಾಚ್ ನೋಡುತ್ತಾ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅವಳು ಮೊಣಗಂಟು ಮುಟ್ಟಿ ತೋರಿಸಿ, ಸಭೆಗೆ ಕೇಳದ ಹಾಗೆ ಮೆಲ್ಲಗೆ ಹೇಳಿದಳು.

"ನೋವು ಇಲ್ಲಿ ಟೀಚರ್. ಆದ್ರೆ ನಮಾಜಿಗೆ ಕೂತ್ಕೊಂಡ್ರೆ ಕಾಲು ತನ್ನಷ್ಟಕ್ಕೆ ಹೊರಗೆ ಹೋಗ್ತದೆ. ಒಳಗೆ ತಿರುಗುದೇ ಇಲ್ಲ."

ಪಕ್ಕದಲ್ಲೇ ನಿಂತಿದ್ದ ನಮ್ಮ ಡಾಕ್ಟರಿಗೂ ಅದು ಕೇಳಿಸಿತು. "ಕೂರುದು ಏಳುದು ಎಲ್ಲ ಬೇಡ ಟೀಚರ್. ನೋವಿನ ಜಾಗ ಮಾತ್ರ ಹೇಳಿ. ಸರ್‌ಗೆ ಫ್ಲೈಟ್ ಉಂಟು."

ನಾನು ಎಕ್ಸ್‌ಪರ್ಟಿಗೆ ಇಂಗ್ಲಿಷಿನಲ್ಲಿ ಹೇಳಿದೆ: "ಓನ್ಲಿ ದ ನೀ, ಡಾಕ್ಟರ್."

ಎಕ್ಸ್‌ಪರ್ಟ್ ಮೊಣಗಂಟನ್ನು ಆಚೆ ಈಚೆ ಒತ್ತಿ ನೋಡಿ, ಕ್ರೇಪ್ ಬ್ಯಾಂಡೇಜ್ ಸುತ್ತುವ ಕ್ರಮ ತೋರಿಸಿದರು. ಬಿಚ್ಚಿದರು. ನಮ್ಮ ಡಾಕ್ಟರು ಸುತ್ತಿದರು. ಚಪ್ಪಾಳೆ, ಫೋಟೋ. ಊಟದ ಹೊತ್ತಿಗೆ ಎಕ್ಸ್‌ಪರ್ಟ್ ನನ್ನ ಇಂಗ್ಲಿಷ್ ಉಚ್ಚಾರ ಹೊಗಳಿದರು. ನಿಜ ಹೇಳಬೇಕೆಂದರೆ ಬಿರಿಯಾನಿಗಿಂತ ಅದೇ ನನಗೆ ಹೆಚ್ಚು ರುಚಿಸಿತು.

ವಾರದೊಳಗೆ ಕ್ಲಿನಿಕ್ಕಿನ ಬೋರ್ಡಿನಲ್ಲಿ ಹೊಸ ಸಾಲು: 'ಕ್ರೀಡಾ ಗಾಯಗಳ ಚಿಕಿತ್ಸೆ'. ಇದ್ದದ್ದು ಒಂದು ದಿನದ ಟ್ರೇನಿಂಗ್, ಅದರಲ್ಲಿ ಅರ್ಧ ದಿನ ಊಟ ಮತ್ತು ಭಾಷಣ. ಹುಡುಗಿಯನ್ನು ಮತ್ತೆ ಎರಡು ಸಲ ಅವರ ಹತ್ತಿರ ಕರೆದುಕೊಂಡು ಹೋದೆ. "ಬ್ಯಾಂಡೇಜ್ ಸುತ್ಕೊಂಡು ಎಸೀಲಿ. ಈಗ ಮಾಡರ್ನ್ ಟ್ರೀಟ್‌ಮೆಂಟ್ ಹೀಗೆಯೇ. ಹೆದರ್ಲಿಕ್ಕೆ ಎಂತ ಇಲ್ಲ," ಎಂದರು. ಏನೂ ತಿಳಿಯದ ಕಾಲದಲ್ಲಿ ಕೊಡುತ್ತಿದ್ದ ಆ ಎರಡು ಗೆರೆಯ ಚೀಟಿಯನ್ನೇ ಕೊಟ್ಟಿದ್ದರೂ ಅವಳ ಕಾಲು ಉಳಿಯುತ್ತಿತ್ತು.

ಜಿಲ್ಲಾ ಮಟ್ಟಕ್ಕೆ ನಾಲ್ಕು ದಿನ ಇರುವಾಗ ಶಾಲೆಯ ಗ್ರೌಂಡಿನಲ್ಲಿ ಗುಂಡು ಎಸೆದವಳು ಅಲ್ಲಿಯೇ ಕುಸಿದಳು. ಏಳಲಿಕ್ಕಾಗಲಿಲ್ಲ. ಮಂಗಳೂರಿನಲ್ಲಿ ಎಕ್ಸ್‌ರೇ ತೆಗೆದದ್ದು ಮೊಣಗಂಟಿನದ್ದಲ್ಲ, ಸೊಂಟದ್ದು. ತೊಡೆಮೂಳೆಯ ಮೇಲ್ತುದಿ ತಿಂಗಳುಗಳಿಂದ ಸ್ವಲ್ಪಸ್ವಲ್ಪವಾಗಿ ಜಾರುತ್ತಿತ್ತಂತೆ. ಆ ದಿನ ಪೂರ್ತಿ ಜಾರಿತು. ಬೆಳೆಯುವ ಮಕ್ಕಳಲ್ಲಿ ಸೊಂಟದ ತೊಂದರೆ ಮೊಣಗಂಟಿನ ನೋವಾಗಿ ಕಾಣಿಸಿಕೊಳ್ಳುವುದುಂಟು, ಕಾಲು ಒಳಗೆ ತಿರುಗುತ್ತದೆಯೇ ಎಂದು ಯಾರಾದರೂ ನೋಡಿದ್ದರೆ ಸಾಕಿತ್ತು ಎಂದರು ಅಲ್ಲಿಯ ಸರ್ಜನ್. ಆಪರೇಷನ್ ಆಯಿತು. ಒಂದು ಕಾಲು ಗಿಡ್ಡವಾಯಿತು. ಗುಂಡನ್ನು ಅವಳು ಮತ್ತೆ ಮುಟ್ಟಲಿಲ್ಲ.

ನಾನು ನೇರ ಕ್ಲಿನಿಕ್ಕಿಗೆ ಹೋಗಿ, ಕಾನ್ವೆಂಟಿನಲ್ಲಿ ಕಲಿತಷ್ಟೂ ಇಂಗ್ಲಿಷಿನಲ್ಲಿ ಅವರನ್ನು ಬೈದೆ. ಸ್ಟೆತಸ್ಕೋಪ್ ಮಡಚುತ್ತಾ ಅವರು ಪೂರ್ತಿ ಕೇಳಿದರು.

"ಮೊಣಗಂಟು ಮಾತ್ರ ಅಂತ ಹೇಳಿದ್ದು ನೀವೇ ಅಲ್ವಾ ಟೀಚರ್?"

ಆ ಮನುಷ್ಯನನ್ನು ನಾನು ಅತಿ ಹೆಚ್ಚು ತಿರಸ್ಕರಿಸಿದ್ದು ಆಗ. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಆಮೇಲೆ ಬೋರ್ಡಿನ ಆ ಸಾಲಿಗೆ ಪೇಂಟ್ ಬಳಿಸಿದರು. ಕುಂಟುತ್ತ ಬಂದ ಯಾವ ಮಗುವನ್ನೂ ಮಲಗಿಸಿ, ಎರಡೂ ಕಾಲು ತಿರುಗಿಸಿ ನೋಡದೆ ಕಳಿಸುವುದಿಲ್ಲ ಎಂದು ಅವರ ಕಂಪೌಂಡರ್ ಹೇಳುತ್ತಿದ್ದ. ಕಲಿತರು, ಒಪ್ಪುತ್ತೇನೆ. ಆದರೆ ಮೆಲ್ಕಾರಿನ ಆ ಮನೆಗೆ ಹೋಗಿ ಒಂದು ಮಾತು ಹೇಳಲಿಲ್ಲ. ನಾನು ಹೋದೆ, ಹಣ್ಣು ಹಿಡಿದುಕೊಂಡು. ತಪ್ಪಿಹೋದ ಪಾಠಗಳ ಬಗ್ಗೆ ಮಾತಾಡಿದೆ. ಹೊರಡುವಾಗ ಅವಳ ತಾಯಿ ಈ ಬ್ಯಾಂಡೇಜನ್ನು ತೊಳೆದು, ಸುತ್ತಿ, ಕೈಗಿಟ್ಟರು. "ಶಾಲೆಯದ್ದು ಅಲ್ವಾ ಟೀಚರ್, ಬೇರೆ ಮಕ್ಕಳಿಗೆ ಆಗ್ತದೆ."

ಡಾಕ್ಟರು ಹೋಗಿ ವರ್ಷಗಳಾದವು. ಕ್ಲಿನಿಕ್ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಆ ಭಾನುವಾರ ಹುಡುಗಿಯ ಮಾತು ಕೇಳಿಸಿಕೊಂಡವರು ಇಬ್ಬರೇ ಇದ್ದೆವು. ಈಗ ಜಗಳಕ್ಕೂ ನನಗೆ ಜೊತೆಯಿಲ್ಲ... ಬ್ಯಾಂಡೇಜನ್ನು ಡ್ರಾಯರಿಗೆ ಹಾಕುವ ಮುಂಚೆ, ಯಾರೂ ಇಲ್ಲದ ಕೋಣೆಯಲ್ಲಿ, ಆ ಮಾತನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ. "ವೆನ್ ಐ ಸಿಟ್, ಮೈ ಲೆಗ್ ಗೋಸ್ ಔಟ್ ಬೈ ಇಟ್‌ಸೆಲ್ಫ್, ಡಾಕ್ಟರ್."

ಹೇಳಿ ಮುಗಿಸಲು ಒಂದೇ ಉಸಿರು ಸಾಕಾಯಿತು.