ಧರ್ಮದ ಸರ್, ತತ್ವದ ಸರ್

ಜೂರಾಲ ಆಣೆಕಟ್ಟಿನ ಹತ್ತಿರ ಬಸ್ಸು ನಿಧಾನವಾಗುತ್ತಿದ್ದಂತೆ ಮೀನು ಕರಿಯುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿದ್ದ ಅಕ್ಕನ ಮಗಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಅವಳನ್ನು ಗದ್ವಾಲದ ಕಾಲೇಜಿಗೆ ಸೇರಿಸಲು ಕರೆದುಕೊಂಡು ಹೊರಟಿದ್ದೆ. ನಾವು ಮಕ್ತಲಿನ ಲಿಂಗಾಯತರು, ಕಿರಾಣಿ ಅಂಗಡಿಯವರು. ನಮ್ಮಲ್ಲಿ ಯಾರಿಗೂ ಆ ವಾಸನೆ ಹಿಡಿಸುವುದಿಲ್ಲ. ನನಗೂ ಹಿಡಿಸುವುದಿಲ್ಲ. ಆದರೆ ಅದು ಬಂದಾಗಲೆಲ್ಲ ಇಬ್ಬರು ಅಧ್ಯಾಪಕರು ನೆನಪಾಗುತ್ತಾರೆ. ರಜೆಯ ದಿನ ಅವರು ಒಂದೇ ಸ್ಕೂಟರಿನಲ್ಲಿ ಇಲ್ಲಿಗೆ ಬರುತ್ತಿದ್ದರು. ಒಬ್ಬರು ಅಂಗಡಿಯ ಮುಂದೆ ಕೂತು ಮೀನು ತಿನ್ನುತ್ತಿದ್ದರು. ಇನ್ನೊಬ್ಬರು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು, ವಾಸನೆ ಬಾರದ ಕಡೆ ಕಟ್ಟೆಯ ಮೇಲೆ ಕೂತು, ಮನೆಯಿಂದ ತಂದ ಹಚ್ಚಿದ ಅವಲಕ್ಕಿ ತಿನ್ನುತ್ತಿದ್ದರು. ಅಷ್ಟು ದೂರದಿಂದಲೇ ಇಬ್ಬರ ವಾದ ನಡೆದಿರುತ್ತಿತ್ತು...

ನಾನು ಓದಿದ್ದು ಗದ್ವಾಲದ ಲೂಥರನ್ ಮಿಶನ್ ಕಾಲೇಜಿನಲ್ಲಿ. ಅಲ್ಲಿ ಬಿ.ಎ. ಓದುವವರೆಲ್ಲ ಧರ್ಮ ಮತ್ತು ತತ್ವಶಾಸ್ತ್ರ ಎಂಬ ಒಂದು ವಿಷಯ ತೆಗೆದುಕೊಳ್ಳಲೇಬೇಕಿತ್ತು. ಅದಕ್ಕೆ ಇಬ್ಬರು ಪ್ರೊಫೆಸರರು. ನಾವು ಅವರನ್ನು ಧರ್ಮದ ಸರ್, ತತ್ವದ ಸರ್ ಎಂದೇ ಕರೆಯುತ್ತಿದ್ದೆವು.

ಧರ್ಮದ ಸರ್ ಕೃಷ್ಣೆ ಕಡಲು ಸೇರುವ ಕಡೆಯ ಕ್ರೈಸ್ತರು. ಪಾದ್ರಿಯಾಗಲು ಓದಿ, ಆಗದೆ, ಪಾಠ ಹೇಳಲು ಇಲ್ಲಿಗೆ ಬಂದು ಕೂದಲು ಹಣ್ಣಾಗುವ ತನಕ ಇಲ್ಲೇ ಉಳಿದವರು. ತತ್ವದ ಸರ್ ನಾರಾಯಣಪೇಟೆಯ ವೈಷ್ಣವ ಮನೆತನದವರು, ಮಂತ್ರಾಲಯದ ಮಠಕ್ಕೆ ನಡೆದುಕೊಳ್ಳುವವರು. ಶಿಲುಬೆ ತೂಗುಹಾಕಿದ ಗೋಡೆಯ ಕೆಳಗೆ, ಹಣೆಯಲ್ಲಿ ಅಂಗಾರ ಅಕ್ಷತೆ ಇಟ್ಟುಕೊಂಡು ನಿಂತು ಪಾಠ ಮಾಡುತ್ತಿದ್ದರು. ಕಾಲೇಜಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಧರ್ಮದ ಸರ್ ಕನ್ನಡ ಕಲಿತದ್ದು ಆ ಗೋಡೆಯಾಚೆಯಿಂದ.

ಮೊದಲ ದಿನ ಹಾಜರಿ ಕರೆಯುವಾಗ ತತ್ವದ ಸರ್ ನನ್ನನ್ನು ನಿಲ್ಲಿಸಿದರು.

"ಯಾವೂರವ್ವಾ?"

"ಮಕ್ತಲ್ ರೀ ಸರ್."

"ಮನ್ಯಾಗ ಕನ್ನಡ ಏನು?"

"ಹೌದ್ರೀ."

"ಹಂಗಾದ್ರ ನಾವಿಬ್ಬರೂ ಬೈದಾಡೋದು ನಿನಗೊಬ್ಬಾಕಿಗೆ ಪೂರಾ ತಿಳೀತದ," ಎಂದರು.

ಅದು ನಿಜವಾಯಿತು. ಪಾಠವೆಲ್ಲ ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ. ಶನಿವಾರ ಮಾತ್ರ ಇಬ್ಬರೂ ಒಟ್ಟಿಗೆ ತರಗತಿಗೆ ಬಂದು ಒಂದು ಪ್ರಶ್ನೆ ಹಿಡಿದು ವಾದಕ್ಕೆ ಕೂಡುತ್ತಿದ್ದರು. ಬಿಸಿ ಏರಿದಂತೆ ಭಾಷೆ ಕನ್ನಡಕ್ಕೆ ತಿರುಗುತ್ತಿತ್ತು. ಉಳಿದ ಹುಡುಗರು ನನ್ನ ಮುಖ ನೋಡುತ್ತಿದ್ದರು.

ಮತ್ತೆ ಮತ್ತೆ ಬರುತ್ತಿದ್ದ ಪ್ರಶ್ನೆ ದೇವರ ಕೃಪೆಯದು. ಅದು ಗಳಿಸಿದವರಿಗೆ ಸಿಗುವುದೋ, ಗಳಿಸದವರಿಗೂ ಸಿಗುವುದೋ? ಹೊಳೆಯಲ್ಲಿ ಮುಳುಗುವವನು ಕೈಯನ್ನಾದರೂ ಮೇಲೆ ಎತ್ತಬೇಕು, ಎತ್ತಿದರೆ ದೇವರು ಹಿಡಿಯುತ್ತಾನೆ ಎಂದು ತತ್ವದ ಸರ್ ಹೇಳುತ್ತಿದ್ದರು. ಕೈ ಎತ್ತುವ ಶಕ್ತಿಯೂ ಇಲ್ಲದವನಿಗಾಗಿಯೇ ಹಾರಿ ಬರುವುದನ್ನು ಕೃಪೆ ಅನ್ನುವುದು ಎಂದು ಧರ್ಮದ ಸರ್ ಹೇಳುತ್ತಿದ್ದರು. ಯಾರೂ ಸೋಲುತ್ತಿರಲಿಲ್ಲ. ಗಂಟೆ ಹೊಡೆದ ಮೇಲೂ ಕಾರಿಡಾರಿನಲ್ಲಿ ಮಾತು ಮುಂದುವರಿಯುತ್ತಿತ್ತು.

ನಾನು ಎರಡನೇ ವರ್ಷದಲ್ಲಿದ್ದಾಗ ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಜೋರಾಯಿತು. ಬಸ್ಸುಗಳು ನಿಂತವು. ಹೋರಾಟದವರು ನಡುರಸ್ತೆಯಲ್ಲಿ ಒಲೆ ಹೂಡಿ ಅಡುಗೆ ಮಾಡಿ ಉಂಡರು. ಕಾಲೇಜಿಗೆ ಬೀಗ ಬೀಳುವುದು, ತೆಗೆಯುವುದು ನಡೆದೇ ಇತ್ತು. ತತ್ವದ ಸರ್ ಮೊದಲ ದಿನದಿಂದಲೇ ಹೋರಾಟದವರ ಟೆಂಟಿನಲ್ಲಿ ಕೂತರು. ಅದು ಅವರಿಗೆ ಹುಮ್ಮಸ್ಸಿನ ಮಾತಾಗಿರಲಿಲ್ಲ, ನ್ಯಾಯದ ಮಾತಾಗಿತ್ತು. ನಮ್ಮ ಹುಡುಗರು ಓದಿ ಮನೆಯಲ್ಲಿ ಕೂತಿದ್ದಾರೆ, ನೌಕರಿಗಳೆಲ್ಲ ಕಡಲ ಕಡೆಯ ಆಂಧ್ರದವರ ಪಾಲಾಗಿವೆ ಎಂದು ಅವರು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು.

ಧರ್ಮದ ಸರ್ ಕೂಡ ಟೆಂಟಿಗೆ ಬಂದು ಗೆಳೆಯನ ಪಕ್ಕದಲ್ಲಿ ಕೂಡುತ್ತಿದ್ದರು. ಒಂದು ದಿನ ಒಬ್ಬ ಹುಡುಗ, "ಸಾರ್, ಮೀರೂ ಜೈ ತೆಲಂಗಾಣ ಅನಂಡಿ," ಎಂದು ಅವರೂ ಘೋಷಣೆ ಕೂಗುವಂತೆ ಒತ್ತಾಯ ಮಾಡಿದ.

"ನಾ ಅಂದ್ರ ಸುಳ್ಳಾಗ್ತದಪ್ಪಾ. ನನ್ನ ತಮ್ಮಂದಿರೆಲ್ಲ ಆ ಕಡೆ ಅದಾರ," ಎಂದರು. "ಇವರು ಬಿಸಿಲಾಗ ಕೂತಾರಲ್ಲ, ಅದಕ್ಕ ಬಂದೀನಿ."

ತೆಲುಗಿನ ಮಾತಿಗೆ ಕನ್ನಡದಲ್ಲಿ ಉತ್ತರ ಕೊಟ್ಟದ್ದು ಅವರಿಗೆ ಗೊತ್ತಾಗಿತ್ತೋ ಇಲ್ಲವೋ.

ಮುಂದೆ ಊರಿನ ಹೋರಾಟ ಸಮಿತಿ ಇನ್ನೊಂದು ಹೆಜ್ಜೆ ಇಟ್ಟಿತು. ಕಾಲೇಜಿನಲ್ಲಿರುವ ಹೊರಗಿನವರು ಹೋಗಬೇಕು, ಆ ಜಾಗಗಳನ್ನು ಇಲ್ಲಿನವರಿಗೆ ಕೊಡಬೇಕು ಎಂದು ಮನವಿ ಬರೆಯಿತು. ಆ ಸಂಗತಿ ನಮಗೆ ತಿಳಿದದ್ದು ಶನಿವಾರದ ತರಗತಿಯಲ್ಲಿ. ತತ್ವದ ಸರ್ ಒಳಗೆ ಬಂದವರು ಕೂಡಲಿಲ್ಲ. ನಮ್ಮೆಲ್ಲರ ಎದುರಿಗೇ ಧರ್ಮದ ಸರ್ ಕಡೆ ತಿರುಗಿದರು.

"ನಾಳೆ ನಾಡದ್ದು ಸಮಿತಿಯವರು ಪ್ರಿನ್ಸಿಪಾಲರ ಕಡೆ ಬರ್ತಾರ. ಹೊರಗಿನೋರು ಹೋಗಬೇಕಂತ ಮನವಿ ಕೊಡ್ತಾರ. ಮೊದಲನೇ ಸಹಿ ನಂದು. ಬ್ಯಾರೇಯವರ ಬಾಯಿಂದ ನಿಮಗ ಗೊತ್ತಾಗಬಾರದು."

ತೆಲುಗಿನ ಹುಡುಗರಿಗೂ ಆ ಹೊತ್ತು ಕನ್ನಡ ಅರ್ಥವಾದಂತಿತ್ತು.

"ಹೊರಗಿನೋರೊಳಗ ನಾನೂ ಬಂದೆನೇನು?" ಎಂದರು ಧರ್ಮದ ಸರ್.

"ಬಂದ್ರಿ. ಗೆಳೆಯಾ ಅಂತ ನಿಮಗೊಬ್ಬರಿಗೆ ವಿನಾಯ್ತಿ ಕೊಟ್ರ ಉಳಿದೋರ ಮುಂದ ನಾ ಹ್ಯಾಂಗ ನಿಲ್ಲಲಿ?"

ಧರ್ಮದ ಸರ್ ಮುಖದಲ್ಲಿ ಸಿಟ್ಟಿರಲಿಲ್ಲ.

"ಆ ವಿನಾಯ್ತಿ ಬಗ್ಗೇನೇ ಅಲ್ಲೇನ್ರೀ ನಾ ಇಷ್ಟು ವರ್ಷ ಪಾಠ ಹೇಳಿದ್ದು?" ಎಂದರು.

ತತ್ವದ ಸರ್ ಮಾತಿಗೆ ಮಾತು ಕೊಡದೆ ನಿಂತದ್ದನ್ನು ನಾವು ಅವತ್ತೇ ಮೊದಲು ನೋಡಿದ್ದು.

ಆಡಳಿತದವರು ಮನವಿಯನ್ನು ಒಪ್ಪಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ಕಾದು ನೋಡೋಣ ಎಂದರು. ಇರಬೇಕೆಂದಿದ್ದರೆ ಧರ್ಮದ ಸರ್ ಇರಬಹುದಿತ್ತು. ಆದರೆ ಅವರಾಗಿಯೇ ಕಡಲ ಕಡೆಯ, ಮಿಶನ್ನಿನದೇ ಇನ್ನೊಂದು ಕಾಲೇಜಿಗೆ ವರ್ಗ ಕೇಳಿ ಪಡೆದರು. ಹೊರಡುವ ಬೆಳಗ್ಗೆ ಹಾಸ್ಟೆಲಿನ ನಾವು ಕೆಲವರು ಗದ್ವಾಲ ಸ್ಟೇಷನ್ನಿಗೆ ಹೋಗಿದ್ದೆವು. ತತ್ವದ ಸರ್ ಆಗಲೇ ಬಂದಿದ್ದರು. ಅವರ ಮನೆಯವರು ದಾರಿಗೆಂದು ಬುತ್ತಿ ಕಟ್ಟಿಕೊಟ್ಟಿದ್ದರು. ಗಾಡಿ ತಡವಾಗಿತ್ತು. ಇಬ್ಬರೂ ಬೆಂಚಿನ ಮೇಲೆ ಕೂತು ಪಾಠದ ಮಾತನ್ನೇ ಆಡಿದರು.

"ಕೃಪೆ ಪಾಠ ಉಳದದ. ಮುಗಸ್ರಿ," ಎಂದರು ಧರ್ಮದ ಸರ್.

"ಅದನ್ನ ನಾ ಹೇಳಬೇಕಾ? ನಾ ಒಪ್ಪೋದೇ ಇಲ್ಲಲ್ರೀ."

"ಒಪ್ಪದಿದ್ರೂ ನಡೀತದ. ಸರಿಯಾಗಿ ಹೇಳ್ರಿ, ಸಾಕು."

ಗಾಡಿ ಬಂತು, ಹತ್ತಿದರು, ಹೋದರು. ಯಾರೂ ಅಳಲಿಲ್ಲ. ಹೇಳಬೇಕಾದದ್ದೇನೋ ಇಬ್ಬರಲ್ಲೂ ಉಳಿದಂತಿತ್ತು... ಅದು ನನ್ನ ಊಹೆಯೂ ಇರಬಹುದು.

ಮುಂದಿನ ವಾರದಿಂದ ತತ್ವದ ಸರ್ ಎರಡೂ ಪಾಠ ಹೇಳತೊಡಗಿದರು. ಕೃಪೆಯ ಪಾಠವನ್ನು ಅವರು ಹೇಳಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಎಳೆ ಬಿಡಲಿಲ್ಲ. ಗೆಳೆಯ ಕೊಡುತ್ತಿದ್ದ ಉದಾಹರಣೆಗಳನ್ನೇ ಕೊಟ್ಟರು. ಆತ ತಡೆದು ನಿಲ್ಲುತ್ತಿದ್ದ ಕಡೆಯಲ್ಲೇ ತಡೆದು ನಿಂತರು. ಕೊನೆಗೆ ಧನ್ವಾಡದಿಂದ ಬರುತ್ತಿದ್ದ ಒಬ್ಬ ಹುಡುಗಿ, ಅವಳೂ ಕ್ರೈಸ್ತಳೇ, ಎದ್ದು ನಿಂತು, "ಇದಕ್ಕೆ ನಿಮ್ಮ ಖಂಡನೆ ಏನು ಸರ್?" ಎಂದು ತೆಲುಗಿನಲ್ಲಿ ಕೇಳಿದಳು. ಯಾವಾಗಲೂ ಅದನ್ನೇ ಕಾದು ಕೂಡುತ್ತಿದ್ದವರು ನಾವು.

ಅವರು ಬರಿದಾದ ಇನ್ನೊಂದು ಕುರ್ಚಿಯ ಕಡೆ ನೋಡಿದರು. ಉತ್ತರ ಕನ್ನಡದಲ್ಲೇ ಬಂತು.

"ಖಂಡನೆ ಅದವ್ವಾ. ಆದ್ರ ಎದುರಿಗೆ ಅವರಿಲ್ಲ. ಮನುಷ್ಯಾ ಇಲ್ಲದಾಗ ಮಾಡಿದ್ರ ಅದು ಖಂಡನೆ ಅಲ್ಲ, ಚಾಡಿ."

ನಾನು ಅದನ್ನು ಅವಳಿಗೆ ತೆಲುಗಿನಲ್ಲಿ ತಿಳಿಸಿದೆ. ಅವಳು ಕೂತಳು. ಆಮೇಲೆ ಶನಿವಾರದ ವಾದ ನಡೆಯಲಿಲ್ಲ.

ರಾಜ್ಯ ಬಂತು. ಊರಲ್ಲಿ ಪಟಾಕಿ, ಗುಲಾಲು, ಡೊಳ್ಳು. ತತ್ವದ ಸರ್‌ಗೂ ಹಾರ ಹಾಕಿ ಮೆರವಣಿಗೆ ಮಾಡಿದರು. ಅವರು ನಿಜವಾಗಿಯೂ ಸಂತೋಷಪಟ್ಟರು ಎಂದು ಕೇಳಿದೆ. ಧರ್ಮದ ಸರ್ ಬಿಟ್ಟುಹೋದ ಜಾಗಕ್ಕೆ ಮಾತ್ರ ಇಲ್ಲಿನವರೂ ಬರಲಿಲ್ಲ, ಅಲ್ಲಿನವರೂ ಬರಲಿಲ್ಲ. ತತ್ವದ ಸರ್ ನಿವೃತ್ತರಾಗುವ ತನಕ ಎರಡನ್ನೂ ಒಬ್ಬರೇ ಹೇಳಿದರು.

ನನ್ನ ಮದುವೆ ನಾರಾಯಣಪೇಟೆಗೆ ಆಯಿತು. ಗಂಡನ ಮನೆಯವರದು ಸೀರೆ ಅಂಗಡಿ. ನಿವೃತ್ತರಾಗಿ ಊರಿಗೆ ಮರಳಿದ ಸರ್ ಒಮ್ಮೆ ಮನೆಯವರ ಜೊತೆ ಅಂಗಡಿಗೆ ಬಂದರು. ಸರ್ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಅವರ ಮನೆಯವರು ದನಿ ತಗ್ಗಿಸಿ ಹೇಳಿದರು: ಧರ್ಮದ ಸರ್ ಕಡಲ ಕಡೆಯ ತಮ್ಮೂರಿನಲ್ಲಿ ತೀರಿಕೊಂಡಿದ್ದರು. ಸುದ್ದಿ ಬಂದ ದಿನವೇ ಇವರು ಹೊರಟು ಮಣ್ಣಿಗೆ ಹೋಗಿ ಬಂದರು. ಅಲ್ಲಿಂದ ಬಂದ ಮೇಲೆ ಸ್ಕೂಟರನ್ನು ಮುಟ್ಟಿಲ್ಲ.

ನಾನು ಚಹಾ ತೆಗೆದುಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ.

"ಸರ್, ಆ ಸಹಿ ಮಾಡಬಾರದಿತ್ತು ಅಂತ ಯಾವಾಗರ ಅನಿಸೇತೇನ್ರೀ?"

"ಇಲ್ಲವ್ವಾ," ಎಂದರು ಕೂಡಲೇ. "ಇವತ್ತು ತಂದು ಕೊಟ್ರೂ ಮಾಡ್ತೀನಿ. ನಾ ಕೇಳಿದ್ದು ಸರಿ ಅದ."

ಚಹಾ ಕುಡಿದು ಕಪ್ಪು ಕೆಳಗಿಟ್ಟರು. ರಸ್ತೆಯ ಕಡೆ ನೋಡುತ್ತ ಕೂತರು. ಆಮೇಲೆ, ನನಗಲ್ಲ ಅನ್ನುವಂತೆ ಹೇಳಿದರು:

"ಹೋಗಲಿಕ್ಕ ಒಲ್ಲೆ ಅನಬೇಕಾಗಿತ್ತು ಅವರು. ಎಲ್ಲಾದಕ್ಕೂ ನನ್ನ ಕೂಡ ಜಗಳಾಡಿದ ಮನುಷ್ಯಾ... ಇದಕ್ಕೊಂದಕ್ಕ ಜಗಳಾಡಲಿಲ್ಲ."

ಈಗ ಅವರೂ ಇಲ್ಲ.

ಗದ್ವಾಲದಲ್ಲಿ ಇಳಿದು ಕಾಲೇಜಿಗೆ ಹೋದೆವು. ಆಫೀಸಿನ ಕನ್ನಡ ಬಲ್ಲ ಗುಮಾಸ್ತರು ಅಕ್ಕನ ಮಗಳಿಗೆ ಯಾವ ಯಾವ ವಿಷಯ ಇವೆ ಎಂದು ಓದಿ ಹೇಳಿದರು. ಧರ್ಮ ಮತ್ತು ತತ್ವಶಾಸ್ತ್ರ ಎಲ್ಲಿ ಎಂದು ಕೇಳಿದೆ. "ಅದು ತೆಗೆದು ಬಾಳ ದಿನ ಆತ್ರೀ ಮೇಡಂ. ಹೇಳೋರಿಲ್ಲ, ಕೇಳೋರಿಲ್ಲ," ಎಂದರು.

ಹೊರಗೆ ಬಂದಾಗ ಹುಡುಗಿ ಕೇಳಿದಳು: "ಚಿಗವ್ವಾ, ಅದ್ರಾಗ ಏನು ಕಲಿಸ್ತಿದ್ರು?"

"ಇಬ್ಬರು ಜಗಳಾಡ್ತಿದ್ರವ್ವಾ," ಎಂದೆ. "ನಾವು ಕೂತು ಕೇಳ್ತಿದ್ವಿ."

ಅವಳು ನಕ್ಕಳು. ಅದರಲ್ಲಿ ಕಲಿಯುವಂಥದ್ದು ಏನಿತ್ತು ಎಂದು ಅವಳಿಗೆ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ. ತಿಳಿಸಿ ಹೇಳಬಲ್ಲ ಇಬ್ಬರಲ್ಲಿ ಒಬ್ಬರೂ ಉಳಿದಿರಲಿಲ್ಲ.